ಕುಳಿತವನಿಗೆ ಬಾವುಟ

ಬೆಳಗಿನ ಏಳಕ್ಕೆ ನೀನು ಹೋದೆ, ಅಪ್ಪ.
ಹತ್ತರ ಹೊತ್ತಿಗೆ ನಿನ್ನ ನಂಬರು ನನಗೆ ಬಾಯಿಪಾಠ.

ಟ್ರಂಕಿನ ತಳದಲ್ಲಿ ಡಿಸ್ಚಾರ್ಜ್ ಪುಸ್ತಕ,
ನುಸಿಗುಳಿಗೆಯ ವಾಸನೆ,
ಮೀಸೆ ಇನ್ನೂ ಮೂಡದ ನಿನ್ನ ಫೋಟೋ.
ಹುಮನಾಬಾದಿನಲ್ಲಿ ಕರೆಂಟಿಲ್ಲ, ಝೆರಾಕ್ಸ್ ಇಲ್ಲ.
ಅಂಗಡಿಯ ಗೌಸೋದ್ದೀನ್ ಮಾಮಾ
ಒಂದೊಂದೇ ಪುಟ ಮೊಬೈಲಿನಲ್ಲಿ ಹಿಡಿದು ಕಳಿಸಿದ,
ರೊಕ್ಕ ಕೊಡಹೋದರೆ ಕೈ ಹಿಂದಕ್ಕೆ ಕಟ್ಟಿಕೊಂಡ.

ಮೊದಲ ಫೋನು ತಹಶೀಲ್ದಾರರ ಕಚೇರಿಗೆ.
"ಯುದ್ಧದಾಗ ತೀರಿಕೊಂಡಾರೇನ್ರಿ?"
ಇಲ್ರಿ. ಕಟ್ಟಿ ಮ್ಯಾಲ ಕುಂತು, ಚಹಾದಾಗ ಖಾರಿ ಅದ್ದಿಕೋತ.
"ಮೆಡಲ್ ಏನರ?"
ಮೂರು ಅದಾವ್ರಿ, ಅಕ್ಷರ ಸವದು ಹೋಗ್ಯಾವ.
"ಹಂಗಿದ್ರ ಸೈನಿಕ ಕಲ್ಯಾಣದವ್ರಿಗೆ ಕೇಳ್ರಿ."
ಅವರು ಎಸ್ಪಿ ಆಫೀಸಿಗೆ ಕಳಿಸಿದರು,
ಎಸ್ಪಿ ಆಫೀಸು ಮೇಲಿನ ಆದೇಶಕ್ಕೆ ಕಾಯುತ್ತಿತ್ತು,
ಆದೇಶ ಯಾರದೋ ಊಟ ಮುಗಿಯುವುದಕ್ಕೆ.
ಮಾಜಿ ಹವಾಲ್ದಾರ್ ಮಲಶೆಟ್ಟೆಪ್ಪ, ಅನ್ನುತ್ತಿದ್ದೆ, ಆಮೇಲೆ ನಂಬರು,
ಪಡಸಾಲೆಯ ಹೆಂಗಸರ ಅಳುವಿನ ಮೇಲೆ ದನಿ ಏರಿಸಿ,
ಕೊನೆಗಿರುವ ಇಂಗ್ಲಿಷ್ ಅಕ್ಷರವನ್ನೂ ಬಿಡದೆ.

ಕಾಕಾ ಸಿಡುಕಿದ: "ನಿಮ್ಮಪ್ಪ ಬಂದೂಕ ಯಾವಾಗ ಹಾರಿಸ್ಯಾನ?
ಹೇಸರಗತ್ತಿ ಕಾಯ್ದಾಂವ."
ಹೌದು.
ಹದಿನೇಳು ವರ್ಷ ಹೇಸರಗತ್ತೆಯ ಹಗ್ಗ ಹಿಡಿದು
ಬಟಾಟೆ, ಸೀಮೆಎಣ್ಣೆ, ಯಾರದೋ ಮನೆಯ ಕಾಗದ
ಹಿಮದ ಮೇಲಿನ ಚೌಕಿಗಳಿಗೆ ಮುಟ್ಟಿಸಿದೆ.
ನಾವು ಹುಟ್ಟಿದ ತಾರೀಖು ಮರೆತರೂ
ಗೊರಸಿನ ಮೇಲಿನ ನಂಬರು ನಿನಗೆ ಮರೆಯಲಿಲ್ಲ.
ಐನೂರ ಹನ್ನೆರಡು ಜಾರಿ ಬಿದ್ದ ರಾತ್ರಿಯ ಕಥೆ
ಎಷ್ಟು ಸಲ ಶುರು ಮಾಡಿದೆ, ಒಮ್ಮೆಯೂ ಮುಗಿಸಲಿಲ್ಲ.

ಅಷ್ಟರಲ್ಲಿ ನಿನ್ನನ್ನು ಕೂರಿಸಿದ್ದರು.
ಮೈ ಸೆಟೆಯುವ ಮೊದಲೇ ಪದ್ಮಾಸನ,
ಹಣೆಗೆ ವಿಭೂತಿ, ಎಡ ಅಂಗೈಯಲ್ಲಿ ಲಿಂಗ,
ಗದ್ದ ಜಾರದಂತೆ ಬಿಳಿ ಅರಿವೆ.
ಹೊಲದಲ್ಲಿ ಕೆಂಪು ಮುರುಮಿಗೆ ಹಾರೆ ತಾಗುವ ಸದ್ದು
ಇಲ್ಲಿಯವರೆಗೂ ಕೇಳುತ್ತಿತ್ತು.

ನಾಲ್ಕೂವರೆಗೆ ಬೀದರಿನ ವ್ಯಾನು ಬಂತು.
ಐದು ಬಂದೂಕು, ಒಂದು ಕಹಳೆ,
ಇಸ್ತ್ರಿ ಮಾಡಿದ ಬಾವುಟವನ್ನು ತೊಡೆಯ ಮೇಲಿಟ್ಟುಕೊಂಡ
ಎಎಸ್‌ಐ ವೈಜಿನಾಥ.
ನಿನ್ನನ್ನು ಕಂಡು ಹೊಸ್ತಿಲಲ್ಲೇ ನಿಂತ.
ಟೋಪಿ ತೆಗೆದಾಗ ಅವನ ಹಣೆಯಲ್ಲೂ ವಿಭೂತಿ.
"ನಮ್ಮಪ್ಪನ್ನೂ ಹಿಂಗೇ ಕುಂದರಿಸೀವ್ರಿ.
ಖರೆ, ಕಾಗದದಾಗ ಮಲಗಿದವ್ರಿಗಷ್ಟೇ ಬರದದ:
ಕೇಸರಿ ತಲಿ ಕಡೆ, ಹಸರು ಕಾಲ ಕಡೆ."
ಅಯ್ಯನವರು ಅವನನ್ನು ನೋಡಿದರು,
ಅವನು ಕಾಗದವನ್ನು ನೋಡಿದ.

ಅವ್ವ ಅಲ್ಲಿಯವರೆಗೆ ಬಾಯಿ ತೆರೆದಿರಲಿಲ್ಲ.
ಎದ್ದು ಬಂದು ಬಾವುಟ ಇಸಕೊಂಡಳು.
ಮಾಗಿಯ ಚಳಿಗೆ ದುಪಟಿ ಹೊದಿಸುವ ಹಾಗೆ
ಕೇಸರಿಯನ್ನು ಹೆಗಲಿಗೆ, ಬಿಳಿಯನ್ನು ಎದೆಗೆ,
ಹಸಿರನ್ನು ಮಡಚಿದ ಮೊಣಕಾಲಿನವರೆಗೆ ಎಳೆದು
ಗಾಳಿ ಹೋಗದಂತೆ ಅಂಚು ಸಿಕ್ಕಿಸಿದಳು.
ಎಎಸ್‌ಐ ಟೋಪಿ ಹಾಕಿಕೊಂಡು
ಸೆಲ್ಯೂಟ್ ಹೊಡೆದ. ಯಾರಿಗೆಂದು ತಿಳಿಯಲಿಲ್ಲ.

ತೊಗರಿ ಹೊಲದ ಬದುವಿನಲ್ಲಿ ಮೂರು ಸುತ್ತು.
ಮೊದಲ ಸದ್ದಿಗೇ ನೆರೆ ಹೊಲದ ಎತ್ತು
ಹಗ್ಗ ಹರಿದುಕೊಂಡು ಓಡಿತು.
ಉಳಿದೆರಡು ನಾನು ಕೇಳಿಸಿಕೊಳ್ಳಲಿಲ್ಲ,
ಎತ್ತನ್ನೇ ನೋಡುತ್ತಿದ್ದೆ.
ನೀನಾಗಿದ್ದರೆ ಎಲ್ಲ ಬಿಟ್ಟು ಅದರ ಹಿಂದೆ ಹೋಗುತ್ತಿದ್ದೆ.

ಕಹಳೆಯವನ ತುಟಿ ಒಣಗಿತ್ತೋ ಏನೋ, ನಡುವೆ ದನಿ ಒಡೆಯಿತು.
ಬಾವುಟ ಮಡಚಿ ಅವ್ವನ ಕೈಗಿಟ್ಟರು.
ನಿನ್ನನ್ನು ಗೂಡಿನೊಳಗೆ ಇಳಿಸಿದರು, ಕುಳಿತಂತೆಯೇ.
ಬಿಲ್ವಪತ್ರೆ, ವಿಭೂತಿ ಗಟ್ಟಿ, ಆಮೇಲೆ ಮುರುಮು.

ಹೊರಡುವ ಮುಂಚೆ ಖಾಲಿ ತೋಟಾ ಎಣಿಸಿದರು.
ಹದಿನಾಲ್ಕು. ಹದಿನೈದಿರಬೇಕು.
ಟಾರ್ಚು ಹಿಡಿದು ತೊಗರಿಯ ಬುಡ ತಡಕಿದೆವು,
ಕಾಕಾ ಕೂಡ, ಮೊಣಕಾಲೂರಿ.
"ಒಳಗ ಉರುಳಿರಬೇಕ್ರಿ," ಅಂದ ಎಳೆಯ ಪೇದೆ,
ಅಳುವುದೊಂದು ಬಾಕಿ. "ನಾ ಲೆಕ್ಕ ಕೊಡಬೇಕ್ರಿ.
ಯಾರ ಹೆಸರಿಗೆ ಬರೀಲಿ?"

ಬೆಳಗಿನಿಂದ ನಾಲಿಗೆಯ ಮೇಲೇ ಇತ್ತು.
ಬರಕೋರಿ, ಅಂದೆ,
ನಂಬರು ಹೇಳತೊಡಗಿದೆ,
ನಿಧಾನಕ್ಕೆ, ಕೊನೆಯ ಅಕ್ಷರ ಸಹಿತ.